ಗಣಿತ ಪ್ರಶ್ನೋತ್ತರ: ಗ್ರೂಪಿನಿಂದ ಹುಟ್ಟುವ ಐಡಿಯಲ್‌ಗಳು, ಅವುಗಳ ಘಾತಗಳು

ಈ ಸಂಚಿಕೆಯ ಪ್ರಶ್ನೆಗಳೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಎಂ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಕಾಲೇಜು ಉಪನ್ಯಾಸಕರಿಂದ ಬಂದವು. ಎಲ್ಲವೂ ಒಂದೇ ವಿಷಯದ ಸುತ್ತ ಇರುವುದರಿಂದ ಒಟ್ಟಿಗೆ ಉತ್ತರಿಸುತ್ತಿದ್ದೇವೆ. ಚರಾಕ್ಷರಗಳು ಅ, ಬ, ಕ, ಐಡಿಯಲ್‌ಗೆ ಐ, ಗುಣಾಕಾರಕ್ಕೆ ಚುಕ್ಕಿ. ಕೆಲವು ಬಹುಪದೋಕ್ತಿಗಳನ್ನು (ಇವೇ ಜನಕಗಳು) ಬೇಕಾದ ಬಹುಪದೋಕ್ತಿಗಳಿಂದ ಗುಣಿಸಿ ಕೂಡಿದಾಗ ಸಿಗುವ ಎಲ್ಲದರ ಗಣ ಐಡಿಯಲ್; ಅದರ ಮ-ನೇ ಘಾತವೆಂದರೆ ಅದರ ಮ ಸದಸ್ಯರ ಗುಣಲಬ್ಧಗಳು ಹುಟ್ಟಿಸುವ ಐಡಿಯಲ್. ಬೇರೆ ಹೇಳದ ಕಡೆಯಲ್ಲೆಲ್ಲ ಸಹಗುಣಕಗಳು ಸಂಕೀರ್ಣ ಸಂಖ್ಯೆಗಳು. ಹಾಳೆ, ಪೆನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಇಲ್ಲಿನ ಲೆಕ್ಕಗಳಲ್ಲಿ ಹೆಚ್ಚಿನವು ಕೈಯಲ್ಲೇ ಮುಗಿಯುವಂಥವು.

ಪ್ರಶ್ನೆ: ಸಾಂತ ಗ್ರೂಪೊಂದು ಬಹುಪದೋಕ್ತಿ ರಿಂಗ್ ಮೇಲೆ ಕ್ರಿಯೆ ನಡೆಸಿದಾಗ ‘ಹಿಲ್ಬರ್ಟ್ ಐಡಿಯಲ್’ ಸಿಗುತ್ತದೆ ಎಂದು ಓದಿದೆ. ಅದರ ವರ್ಗ, ಘನಗಳನ್ನು ಲೆಕ್ಕ ಹಾಕುವುದು ಹೇಗೆ? ಚಿಕ್ಕ ಉದಾಹರಣೆ ಬೇಕು. (ಎಂ.ಎಸ್ಸಿ. ವಿದ್ಯಾರ್ಥಿನಿ, ಶಿವಗಂಗೋತ್ರಿ, ದಾವಣಗೆರೆ)

ಗ್ರೂಪಿನ ಯಾವ ಸದಸ್ಯ ಬಂದರೂ ಬದಲಾಗದೆ ಉಳಿಯುವ ಬಹುಪದೋಕ್ತಿಗಳು ಇನ್ವೇರಿಯಂಟ್‌ಗಳು. ಅವುಗಳಲ್ಲಿ ಸ್ಥಿರಾಂಕಗಳನ್ನು ಬಿಟ್ಟು, ಸ್ಥಿರಪದವಿಲ್ಲದ ಎಲ್ಲವನ್ನೂ ತೆಗೆದುಕೊಂಡು, ಇಡೀ ಬಹುಪದೋಕ್ತಿ ರಿಂಗ್‌ನಲ್ಲಿ ಅವು ಹುಟ್ಟಿಸುವ ಐಡಿಯಲ್ಲೇ ಹಿಲ್ಬರ್ಟ್ ಐಡಿಯಲ್.

ಎರಡೇ ಸದಸ್ಯರಿರುವ ಗ್ರೂಪಿನಿಂದ ಶುರು ಮಾಡಿ, ಆದರೆ ಎರಡು ಬಗೆಯಲ್ಲಿ ಮಾಡಿ. ಮೊದಲನೆಯದು ಅ ಮತ್ತು ಬ ಅದಲು ಬದಲಾಗುವುದು. ಇನ್ವೇರಿಯಂಟ್‌ಗಳ ಜನಕಗಳು ಅ+ಬ ಮತ್ತು ಅ·ಬ. ಐಡಿಯಲ್ ಐ = (ಅ+ಬ, ಅ·ಬ). ಬ ಇದ್ದಲ್ಲಿ −ಅ ಹಾಕಿದರೆ ಅ·ಬ ಹೋಗಿ −ಅ² ಆಗುತ್ತದೆ. ಹಾಗಾಗಿ ಐಡಿಯಲ್‌ನಿಂದ ಭಾಗಿಸಿದಾಗ ಉಳಿಯುವುದು 1 ಮತ್ತು ಅ ಮಾತ್ರ, ಆಯಾಮ 2. ಎರಡನೆಯದು ಅ, ಬ ಎರಡರ ಚಿಹ್ನೆಯೂ ಒಟ್ಟಿಗೆ ಬದಲಾಗುವುದು. ಈಗ ಇನ್ವೇರಿಯಂಟ್‌ಗಳು ಅ², ಅ·ಬ, ಬ². ಉಳಿಯುವುದು 1, ಅ, ಬ, ಆಯಾಮ 3.

ಗ್ರೂಪಿನ ಗಾತ್ರ ಎರಡೂ ಕಡೆ 2. ಆದರೆ ಘಾತ ಏರಿಸುತ್ತಾ ಹೋದರೆ ದಾರಿ ಬೇರೆಯಾಗುತ್ತದೆ. ಮೊದಲನೆಯದರಲ್ಲಿ ಐ, ಐ², ಐ³ ಗಳಿಗೆ ಆಯಾಮ 2, 6, 12. ಎರಡನೆಯದರಲ್ಲಿ 3, 10, 21. ಕಾರಣ ಹೀಗಿದೆ. ಅದಲು ಬದಲು ಮಾಡುವ ಕ್ರಿಯೆ ಅ=ಬ ಎಂಬ ಇಡೀ ಗೆರೆಯನ್ನು ಅಲುಗಿಸುವುದಿಲ್ಲ, ಅದು ಪ್ರತಿಫಲನ. ಚಿಹ್ನೆ ಬದಲಿಸುವ ಕ್ರಿಯೆ ಮೂಲಬಿಂದುವನ್ನು ಬಿಟ್ಟು ಬೇರೇನನ್ನೂ ನಿಲ್ಲಿಸುವುದಿಲ್ಲ. ಶೆಫರ್ಡ್ ಮತ್ತು ಟಾಡ್ (1954), ಶೆವಾಲೆ (1955) ಸಾಧಿಸಿದ ಪ್ರಮೇಯದಂತೆ, ಪ್ರತಿಫಲನಗಳಿಂದಲೇ ಹುಟ್ಟುವ ಗ್ರೂಪಾದರೆ, ಆಗ ಮಾತ್ರ, ಇನ್ವೇರಿಯಂಟ್ ರಿಂಗ್ ತಾನೇ ಒಂದು ಬಹುಪದೋಕ್ತಿ ರಿಂಗ್ ಆಗಿರುತ್ತದೆ. ಆಗ ಚರಾಕ್ಷರಗಳೆಷ್ಟೋ ಜನಕಗಳೂ ಅಷ್ಟೇ. ಮೂಲ ರಿಂಗ್ ಅದರ ಮೇಲೆ ಫ್ರೀ ಮಾಡ್ಯೂಲ್. ಹಾಗಾಗಿ ನ ಚರಾಕ್ಷರಗಳಿದ್ದರೆ ಮ-ನೇ ಘಾತದ ಆಯಾಮಕ್ಕೆ ಸೂತ್ರ ಸರಳ: ಗ್ರೂಪಿನ ಗಾತ್ರವನ್ನು, (ಮ+ನ−1) ವಸ್ತುಗಳಿಂದ ನ ವಸ್ತುಗಳನ್ನು ಆರಿಸುವ ವಿಧಾನಗಳ ಸಂಖ್ಯೆಯಿಂದ ಗುಣಿಸಿ.

ಮೂರು ಚರಾಕ್ಷರಗಳ ಎಲ್ಲ ಕ್ರಮಯೋಜನೆಗಳ ಗ್ರೂಪಿಗೆ (ಗಾತ್ರ 6) ಈ ಸೂತ್ರ 6, 24, 60 ಕೊಡುತ್ತದೆ. ಇಲ್ಲಿ ಐಡಿಯಲ್‌ನ ಗ್ರೋಬ್ನರ್ ಬೇಸಿಸ್ (ಭಾಗಿಸಿದಾಗ ಶೇಷ ಒಂದೇ ಬರುವಂತೆ ಆರಿಸಿದ ಜನಕಗಳ ಪಟ್ಟಿ) ನೆನಪಿಡಲು ಸುಲಭ: ಅ+ಬ+ಕ, ಬ²+ಬ·ಕ+ಕ², ಕ³. ಉಳಿಯುವ ಏಕಪದೋಕ್ತಿಗಳು 1, ಬ, ಕ, ಬ·ಕ, ಕ², ಬ·ಕ². ಆರು ಬಂದವಲ್ಲ, ಲೆಕ್ಕ ಸರಿ.

ಒಂದು ಎಚ್ಚರಿಕೆ. ಐ² ಬರೆಯುವಾಗ ಜನಕಗಳ ಎಲ್ಲ ಗುಣಲಬ್ಧಗಳನ್ನು ಪಟ್ಟಿ ಮಾಡಿ ಅಲ್ಲಿಗೇ ನಿಲ್ಲಿಸಬೇಡಿ. ಚಿಹ್ನೆ ಬದಲಿಸುವ ಉದಾಹರಣೆಯಲ್ಲಿ ಆರು ಗುಣಲಬ್ಧಗಳಿವೆ, ಆದರೆ ಅ²·ಬ² ಎಂದರೂ (ಅ·ಬ)² ಎಂದರೂ ಒಂದೇ. ನಿಜವಾದ ಜನಕಗಳು ಐದು.

ಪ್ರಶ್ನೆ: ಇನ್ವೇರಿಯಂಟ್‌ಗಳ ಪಟ್ಟಿಯಲ್ಲಿ ಯಾವುದೂ ಬಿಟ್ಟುಹೋಗಿಲ್ಲ ಎಂದು ತಿಳಿಯುವುದು ಹೇಗೆ? (ಉಪನ್ಯಾಸಕ, ಹರಿಹರ)

ಮೋಲಿನ್ 1897ರಲ್ಲಿ ಕೊಟ್ಟ ಸೂತ್ರ ಬಳಸಿ. ಗ್ರೂಪಿನ ಪ್ರತಿ ಮಾತೃಕೆಯನ್ನೂ ತ ಎಂಬ ಅಕ್ಷರದಿಂದ ಗುಣಿಸಿ, ಏಕಮಾತೃಕೆಯಿಂದ ಕಳೆದು, ನಿರ್ಧಾರಕ ತೆಗೆದು, ಅದರ ವ್ಯುತ್ಕ್ರಮ ಬರೆಯಿರಿ. ಎಲ್ಲದರ ಸರಾಸರಿ ತೆಗೆದರೆ ಸಿಗುವ ಶ್ರೇಣಿಯಲ್ಲಿ ತ-ದ ಪ್ರತಿ ಘಾತದ ಸಹಗುಣಕ ಆ ಡಿಗ್ರಿಯಲ್ಲಿರುವ ಸ್ವತಂತ್ರ ಇನ್ವೇರಿಯಂಟ್‌ಗಳ ಸಂಖ್ಯೆ. ಚಿಹ್ನೆ ಬದಲಿಸುವ ಗ್ರೂಪಿಗೆ 1/(1−ತ)² ಮತ್ತು 1/(1+ತ)² ಗಳ ಸರಾಸರಿ (1+ತ²)/(1−ತ²)², ಅಂದರೆ 1+3ತ²+5ತ⁴ ಹೀಗೆ ಮುಂದಕ್ಕೆ. ಪಟ್ಟಿ ಎಲ್ಲಿಗೆ ನಿಲ್ಲಿಸಬೇಕು ಎಂಬುದಕ್ಕೆ ಎಮ್ಮಿ ನೋಥರ್ ಅವರ ಮಿತಿ ಇದೆ: ಗ್ರೂಪಿನ ಗಾತ್ರಕ್ಕಿಂತ ಹೆಚ್ಚಿನ ಡಿಗ್ರಿಯ ಜನಕ ಬೇಕಾಗುವುದಿಲ್ಲ.

ಅಭ್ಯಾಸಕ್ಕೆ ಗಾತ್ರ 3ರ ಗ್ರೂಪು ತೆಗೆದುಕೊಳ್ಳಿ. ಒಮೇಗ ಎಂಬುದು 1ನ್ನು ಬಿಟ್ಟು 1ರ ಬೇರೊಂದು ಘನಮೂಲ. ಅ-ಗೆ ಒಮೇಗದ ಗುಣಾಕಾರ, ಬ-ಗೆ ಒಮೇಗದ ವರ್ಗದ ಗುಣಾಕಾರ. ಶ್ರೇಣಿ 1+ತ²+2ತ³+ತ⁴ ಎಂದು ಆರಂಭವಾಗುತ್ತದೆ, ಜನಕಗಳು ಅ·ಬ, ಅ³, ಬ³. ಐಡಿಯಲ್ಲಿನ ಆಯಾಮ 5. ವರ್ಗ ಮಾಡಿದರೆ ಅ⁶, ಅ⁴·ಬ, ಅ²·ಬ², ಅ·ಬ⁴, ಬ⁶ ಐದು ಸಾಕು, ಆಯಾಮ 16. ಅ³·ಬ³ ಎಲ್ಲಿ ಹೋಯಿತು? ಅದು (ಅ·ಬ)³. ಎರಡು ಜನಕಗಳ ಗುಣಲಬ್ಧವಾಗಿ ಐ² ದಲ್ಲಿ ಇರಬೇಕಾದದ್ದು ಸದ್ದಿಲ್ಲದೆ ಐ³ ದೊಳಕ್ಕೇ ಇಳಿದಿದೆ. ಪ್ರತಿಫಲನ ಗ್ರೂಪಿನಲ್ಲಿ ಹೀಗಾಗುವುದಿಲ್ಲ, ಅಲ್ಲಿ ಜನಕಗಳ ನಡುವೆ ಸಂಬಂಧವೇ ಇರುವುದಿಲ್ಲ.

ಪ್ರಶ್ನೆ: ಹಲವು ಐಡಿಯಲ್‌ಗಳ ಛೇದನವನ್ನು ವರ್ಗ ಮಾಡಿದರೂ, ಒಂದೊಂದನ್ನೂ ವರ್ಗ ಮಾಡಿ ಆಮೇಲೆ ಛೇದನ ತೆಗೆದರೂ ಒಂದೇ ಅಲ್ಲವೇ? ಪೂರ್ಣಾಂಕಗಳಲ್ಲಿ ಹಾಗೆಯೇ ಆಗುತ್ತದೆ. (ಎಂ.ಎಸ್ಸಿ. ವಿದ್ಯಾರ್ಥಿ, ಚಿತ್ರದುರ್ಗ)

ಪೂರ್ಣಾಂಕಗಳಲ್ಲಿ ಸರಿ. 4 ಮತ್ತು 6ರ ಗುಣಕಗಳ ಛೇದನ 12ರ ಗುಣಕಗಳು. ವರ್ಗ ಮಾಡಿದರೆ 144. ಮೊದಲೇ ವರ್ಗ ಮಾಡಿ 16 ಮತ್ತು 36 ತೆಗೆದುಕೊಂಡರೂ 144. ಅಲ್ಲಿ ಪ್ರತಿ ಐಡಿಯಲ್‌ಗೂ ಒಂದೇ ಜನಕ, ಅದಕ್ಕೇ ತೊಂದರೆಯಿಲ್ಲ. ಬಹುಪದೋಕ್ತಿಗಳಲ್ಲಿ ಇದು ಮುರಿದುಬೀಳುತ್ತದೆ. ಈ ಇಡೀ ವಿಷಯದ ತಿರುಳಿರುವುದೇ ಇಲ್ಲಿ.

ಮೂರು ಆಯಾಮದಲ್ಲಿ ಮೂರು ಅಕ್ಷಗಳನ್ನು ನೋಡಿ. ಅವುಗಳ ಐಡಿಯಲ್‌ಗಳು (ಅ, ಬ), (ಬ, ಕ), (ಕ, ಅ). ಮೂರರ ಛೇದನ ಐ = (ಅ·ಬ, ಬ·ಕ, ಕ·ಅ). ಮೂರು ಚರಾಕ್ಷರಗಳನ್ನು ಹೇಗೆ ಅದಲು ಬದಲು ಮಾಡಿದರೂ ಐಡಿಯಲ್ ಅದೇ. ಈಗ ಅ·ಬ·ಕ ನೋಡಿ. ಅದರಲ್ಲಿ ಅ·ಬ ಇರುವುದರಿಂದ ಅದು (ಅ, ಬ)² ದಲ್ಲಿದೆ. ಹಾಗೆಯೇ ಉಳಿದ ಎರಡು ವರ್ಗಗಳಲ್ಲೂ ಇದೆ. ಆದರೆ ಐ² ದಲ್ಲಿರುವ ಯಾವುದರ ಡಿಗ್ರಿಯೂ 4ಕ್ಕಿಂತ ಕಡಿಮೆಯಿರಲು ಸಾಧ್ಯವಿಲ್ಲ. ಅ·ಬ·ಕ ದ ಡಿಗ್ರಿ 3. ಅಂದಮೇಲೆ ಅದು ಹೊರಗೇ.

ವರ್ಗಗಳ ಛೇದನಕ್ಕೆ ಎರಡನೇ ಸಿಂಬಾಲಿಕ್ ಘಾತ ಎಂದು ಹೆಸರು, ಐ⁽²⁾ ಎಂದು ಬರೆಯುತ್ತಾರೆ. ಅಕ್ಷಗಳ ಪ್ರತಿ ಬಿಂದುವಿನಲ್ಲೂ ಕನಿಷ್ಠ ಎರಡು ಪಟ್ಟು ಸೊನ್ನೆಯಾಗುವ ಬಹುಪದೋಕ್ತಿಗಳ ಗಣ ಅದು. ಸಾಮಾನ್ಯ ಘಾತ ಯಾವಾಗಲೂ ಸಿಂಬಾಲಿಕ್ ಘಾತದ ಒಳಗಿರುತ್ತದೆ. ಪ್ರಶ್ನೆ ಬರುವುದು ತಿರುಗಿ ನೋಡಿದಾಗ: ಸಿಂಬಾಲಿಕ್ ಘಾತವನ್ನು ಎಷ್ಟು ಏರಿಸಿದರೆ ಅದು ಐ² ದ ಒಳಗೆ ಬಂದು ಕೂರುತ್ತದೆ? ಐನ್, ಲಜರ್ಸ್‌ಫೆಲ್ಡ್, ಸ್ಮಿತ್ 2001ರಲ್ಲಿ ಸಾಧಿಸಿದ ಪ್ರಮೇಯದ ಪ್ರಕಾರ, ಸಮತಲದ ಬಿಂದುಗಳಿಗೂ ಇಂಥ ಅಕ್ಷಗಳಿಗೂ ಐ⁽⁴⁾ ಖಂಡಿತ ಐ² ದೊಳಗಿದೆ. ಹಾಕ್‌ಸ್ಟರ್ ಮತ್ತು ಹ್ಯೂನೆಕೆ 2002ರಲ್ಲಿ ಬೇರೆ ದಾರಿಯಿಂದ ಇದನ್ನೇ ಇನ್ನಷ್ಟು ವಿಸ್ತಾರವಾಗಿ ತೋರಿಸಿದರು.

ಮೂರು ಅಕ್ಷಗಳಿಗಾದರೆ ಐ⁽³⁾ ಸಾಕು. ಐ⁽³⁾ ದ ಏಕಪದೋಕ್ತಿಯಲ್ಲಿ ಯಾವ ಎರಡು ಘಾತಾಂಕಗಳನ್ನು ಕೂಡಿದರೂ ಕನಿಷ್ಠ 3. ಮೂರೂ ಘಾತಾಂಕಗಳು 1 ಅಥವಾ ಹೆಚ್ಚಿದ್ದರೆ ಅವುಗಳಲ್ಲಿ ಒಂದಾದರೂ 2 ಇರಲೇಬೇಕು, ಆಗ ಅ²·ಬ·ಕ ಥರದ್ದೊಂದು ಅದನ್ನು ಭಾಗಿಸುತ್ತದೆ, ಅದು (ಅ·ಬ)·(ಅ·ಕ). ಒಂದು ಘಾತಾಂಕ 0 ಆಗಿದ್ದರೆ ಉಳಿದೆರಡೂ ಕನಿಷ್ಠ 3, ಆಗ ಅ²·ಬ² ಥರದ್ದು ಭಾಗಿಸುತ್ತದೆ. ಮುಗಿಯಿತು.

ಪ್ರಶ್ನೆ: ಸಮತಲದ ಬಿಂದುಗಳಿಗೆ ಐ⁽³⁾ ಯಾವಾಗಲೂ ಐ² ದ ಒಳಗಿರುತ್ತದೆಯೇ ಎಂದು ಹ್ಯೂನೆಕೆ ಕೇಳಿದ್ದರು, ಪ್ರತಿಫಲನ ಗ್ರೂಪಿನಿಂದ ಬಂದ 12 ಬಿಂದುಗಳು ‘ಇಲ್ಲ’ ಎಂದು ತೋರಿಸಿದವು ಎಂದು ತಿಳಿಯಿತು. ಇದರ ಸಾಧನೆ ಎಂ.ಎಸ್ಸಿ. ಮಟ್ಟದಲ್ಲಿ ಅರ್ಥವಾಗುವಂಥದ್ದೇ? (ವಿದ್ಯಾರ್ಥಿನಿ, ಚಳ್ಳಕೆರೆ)

ಖಂಡಿತ. ಈ ಉದಾಹರಣೆ 2013ರಲ್ಲಿ ಪ್ರಕಟವಾಯಿತು. ಕೊಟ್ಟವರು ದುಮ್ನಿಟ್ಸ್ಕಿ, ಶೆಂಬರ್ಗ್ ಮತ್ತು ತುತಾಯ್-ಗಾಸಿನ್ಸ್ಕಾ. ಒಂದು ಹಾಳೆಯ ಸಾಧನೆ ಸಾಕು.

ಗ್ರೂಪು ಮೊದಲು. ಅ, ಬ, ಕ ಗಳನ್ನು ಹೇಗೆ ಬೇಕಾದರೂ ಅದಲು ಬದಲು ಮಾಡಬಹುದು. ಜೊತೆಗೆ ಮೂರನ್ನೂ 1ರ ಘನಮೂಲಗಳಿಂದ ಗುಣಿಸಬಹುದು, ಆದರೆ ಆ ಮೂರು ಘನಮೂಲಗಳ ಗುಣಲಬ್ಧ 1 ಇರಬೇಕು. ಘನಮೂಲಗಳ ಆಯ್ಕೆ 9, ಕ್ರಮಯೋಜನೆ 6, ಒಟ್ಟು ಗಾತ್ರ 54. ಇನ್ವೇರಿಯಂಟ್‌ಗಳ ಜನಕಗಳು ಅ³+ಬ³+ಕ³, ಅ³·ಬ³+ಬ³·ಕ³+ಕ³·ಅ³, ಅ·ಬ·ಕ. ಡಿಗ್ರಿ 3, 6, 3, ಗುಣಿಸಿದರೆ 54. ಪ್ರತಿ ಡಿಗ್ರಿಯಿಂದ 1 ಕಳೆದು ಕೂಡಿದರೆ 2+5+2 = 9. ಪ್ರತಿಫಲನ ಗ್ರೂಪಿನಲ್ಲಿ ಈ ಮೊತ್ತ ಪ್ರತಿಫಲನಗಳ ಸಂಖ್ಯೆಗೆ ಸಮ. ಆ 9 ಪ್ರತಿಫಲನಗಳ 9 ಗೆರೆಗಳನ್ನು ಗುಣಿಸಿದರೆ ಸಿಗುವುದು

ಫ = (ಅ³−ಬ³)·(ಬ³−ಕ³)·(ಕ³−ಅ³).

ಇಲ್ಲಿ ಸಮತಲವೆಂದರೆ ಪ್ರೊಜೆಕ್ಟಿವ್ ಸಮತಲ: ಬಿಂದುವಿಗೆ ಮೂರು ನಿರ್ದೇಶಾಂಕಗಳು, ಅವುಗಳ ಅನುಪಾತ ಮಾತ್ರ ಮುಖ್ಯ. ಈ ಗೆರೆಗಳು ಮೂರು ಮೂರಾಗಿ ಕೂಡುವ ಬಿಂದುಗಳು 12. ಮೂರೂ ನಿರ್ದೇಶಾಂಕಗಳ ಘನಗಳು ಸಮವಾಗಿರುವ 9 ಬಿಂದುಗಳು, ಮತ್ತು (1:0:0), (0:1:0), (0:0:1). ಮೊದಲ ಬಗೆಯ ಬಿಂದುವಿನಲ್ಲಿ ಫ-ದ ಪ್ರತಿ ಆವರಣದಿಂದಲೂ ಒಂದೊಂದು ಗೆರೆ ಹಾಯುತ್ತದೆ. (1:0:0) ದಲ್ಲಿ ಬ³−ಕ³ ಒಂದೇ ಮೂರೂ ಗೆರೆಗಳನ್ನು ಕೊಡುತ್ತದೆ. ಹೇಗೂ ಪ್ರತಿ ಬಿಂದುವಿನಲ್ಲಿ ಮೂರು ಗೆರೆಗಳಿವೆ, ಆದ್ದರಿಂದ ಫ ಇರುವುದು ಐ⁽³⁾ ದಲ್ಲಿ. ಈ 12 ಬಿಂದುಗಳ ಐಡಿಯಲ್‌ಗೆ ಮೂರು ಜನಕಗಳು:

ಪ₁ = ಅ·(ಬ³−ಕ³), ಪ₂ = ಬ·(ಕ³−ಅ³), ಪ₃ = ಕ·(ಅ³−ಬ³).

ಫ, ಐ² ದಲ್ಲಿ ಇಲ್ಲ ಎಂದು ತೋರಿಸಬೇಕು. ಇದೆ ಎಂದೇ ಇಟ್ಟುಕೊಳ್ಳಿ. ಐ² ದ ಆರು ಜನಕಗಳ ಡಿಗ್ರಿ 8, ಫ-ದ ಡಿಗ್ರಿ 9. ಆದ್ದರಿಂದ ಪ್ರತಿ ಜನಕವನ್ನೂ ಡಿಗ್ರಿ 1ರ ಬಹುಪದೋಕ್ತಿಯಿಂದ ಗುಣಿಸಿ ಕೂಡಿದಾಗ ಫ ಬರಬೇಕು. ಈಗ ಘಾತಾಂಕಗಳನ್ನು 3ರಿಂದ ಭಾಗಿಸಿದಾಗ ಬರುವ ಶೇಷವನ್ನು ಮಾತ್ರ ನೋಡಿ. ಫ-ದಲ್ಲಿ ಎಲ್ಲ ಘಾತಾಂಕಗಳೂ 3ರ ಗುಣಕಗಳು. ಪ₁·ಪ₂ ದ ಪ್ರತಿ ಪದದಲ್ಲೂ ಅ-ದ ಶೇಷ 1, ಬ-ದ ಶೇಷ 1. ಅದನ್ನು ಒಂದೇ ಒಂದು ಚರಾಕ್ಷರದಿಂದ ಗುಣಿಸಿ ಎರಡೂ ಶೇಷಗಳನ್ನು ಸೊನ್ನೆ ಮಾಡಲು ಆಗುವುದಿಲ್ಲ. ಹಾಗಾಗಿ ಪ₁·ಪ₂, ಪ₂·ಪ₃, ಪ₃·ಪ₁ ಮೂರೂ ಈ ಲೆಕ್ಕದಿಂದ ಹೊರಬಿದ್ದವು. ಪ₁² ದಲ್ಲಿ ಅ-ದ ಶೇಷ 2. ಅ-ದಿಂದ ಗುಣಿಸಿದರೆ ಮಾತ್ರ ಕೂಡಿಬರುತ್ತದೆ. ಕೊನೆಗೆ ಉಳಿಯುವುದು ಇಷ್ಟೇ: ತ, ದ, ನ ಎಂಬ ಮೂರು ಸ್ಥಿರಾಂಕಗಳಿಗೆ

ಫ = ತ·ಅ·ಪ₁² + ದ·ಬ·ಪ₂² + ನ·ಕ·ಪ₃².

ಅ³, ಬ³, ಕ³ ಗಳನ್ನು ಯ, ರ, ಲ ಎಂದು ಬರೆಯಿರಿ:

(ಯ−ರ)·(ರ−ಲ)·(ಲ−ಯ) = ತ·ಯ·(ರ−ಲ)² + ದ·ರ·(ಲ−ಯ)² + ನ·ಲ·(ಯ−ರ)².

ಬಲಗಡೆ ಯ·ರ² ದ ಸಹಗುಣಕ ತ, ಯ·ಲ² ದ ಸಹಗುಣಕವೂ ತ. ಎಡಗಡೆ ಬಿಡಿಸಿದರೆ ಯ·ರ² ಕ್ಕೆ +1, ಯ·ಲ² ಕ್ಕೆ −1. ತ ಒಂದೇ ಸಲಕ್ಕೆ 1 ಮತ್ತು −1 ಆಗಲಾರದು. ಹೀಗಾಗಿ ಫ, ಐ² ದ ಹೊರಗಿದೆ.

ಈ ಸಾಧನೆಯಲ್ಲಿ ಕೆಲಸ ಮಾಡಿದ್ದು ಗ್ರೂಪೇ ಎಂಬುದನ್ನು ಗಮನಿಸಿ. ಶೇಷಗಳ ವಿಂಗಡಣೆ ಎಂದರೆ ಘನಮೂಲಗಳ ಗುಣಾಕಾರಕ್ಕೆ ಪ್ರತಿ ಪದ ಹೇಗೆ ಸ್ಪಂದಿಸುತ್ತದೆ ಎಂಬುದರ ವಿಂಗಡಣೆ. ಕೊನೆಯ ವಿರೋಧ ಬಂದದ್ದು ರ ಮತ್ತು ಲ ಅದಲು ಬದಲಾದಾಗ ಎಡಗಡೆಯ ಚಿಹ್ನೆ ಬದಲಾಗುತ್ತದೆ, ಬಲಗಡೆಯ ಮೊದಲ ಪದದ ಚಿಹ್ನೆ ಬದಲಾಗುವುದಿಲ್ಲ ಎಂಬುದರಿಂದ. ಇನ್ನೂ ಎರಡು ಪ್ರತಿಫಲನ ಗ್ರೂಪುಗಳು ಇಂಥವೇ ಉದಾಹರಣೆ ಕೊಡುತ್ತವೆ. ಕ್ಲೈನ್ ಹೆಸರಿನದ್ದು 21 ಗೆರೆ, 49 ಬಿಂದು, ಗ್ರೂಪಿನ ಗಾತ್ರ 336. ವೀಮನ್ ಹೆಸರಿನದ್ದು 45 ಗೆರೆ, 201 ಬಿಂದು, ಗಾತ್ರ 2160. ಅವುಗಳಿಗೆ ಕೈಲೆಕ್ಕ ಸಾಲದು.

ಪ್ರಶ್ನೆ: ಗ್ರೂಪಿನ ಗಾತ್ರವನ್ನು ಫೀಲ್ಡಿನ ಕ್ಯಾರೆಕ್ಟರಿಸ್ಟಿಕ್ ಭಾಗಿಸಿದರೆ ‘ಎಲ್ಲ ಕೆಡುತ್ತದೆ’ ಎನ್ನುತ್ತಾರೆ. ನಿರ್ದಿಷ್ಟವಾಗಿ ಏನು ಕೆಡುತ್ತದೆ? (ಸಂಶೋಧನಾ ವಿದ್ಯಾರ್ಥಿ, ದಾವಣಗೆರೆ)

ಫೀಲ್ಡಿನಲ್ಲಿ 1ನ್ನು ಎಷ್ಟು ಸಲ ಕೂಡಿದರೆ ಮೊದಲ ಸಲ ಸೊನ್ನೆ ಬರುತ್ತದೋ ಅದೇ ಕ್ಯಾರೆಕ್ಟರಿಸ್ಟಿಕ್. ಕೆಡುವುದು ಸರಾಸರಿ ತೆಗೆಯುವ ಹಂತ. ಗ್ರೂಪಿನ ಎಲ್ಲ ಸದಸ್ಯರನ್ನೂ ಹಚ್ಚಿ, ಕೂಡಿ, ಗಾತ್ರದಿಂದ ಭಾಗಿಸುವುದಕ್ಕೆ ರೆನಾಲ್ಡ್ಸ್ ಆಪರೇಟರ್ ಎಂದು ಹೆಸರು. ಗಾತ್ರವೇ ಸೊನ್ನೆಯಾದರೆ ಭಾಗಿಸುವುದೆಲ್ಲಿಂದ? ಅದು ಇದ್ದಾಗ ಸಿಗುವ ಲಾಭ ದೊಡ್ಡದು. ಇನ್ವೇರಿಯಂಟ್ ರಿಂಗ್‌ನ ಯಾವುದೇ ಐಡಿಯಲ್ಲನ್ನು ದೊಡ್ಡ ರಿಂಗ್‌ಗೆ ಹಿಗ್ಗಿಸಿ, ಅದರಲ್ಲಿನ ಇನ್ವೇರಿಯಂಟ್‌ಗಳನ್ನು ಮಾತ್ರ ಆರಿಸಿದರೆ ಮೊದಲಿನ ಐಡಿಯಲ್ಲೇ ವಾಪಸು ಬರುತ್ತದೆ. ವಿಶೇಷವಾಗಿ, ಹಿಲ್ಬರ್ಟ್ ಐಡಿಯಲ್‌ನ ಮ-ನೇ ಘಾತದಲ್ಲಿರುವ ಪ್ರತಿ ಇನ್ವೇರಿಯಂಟೂ, ಸ್ಥಿರಪದವಿಲ್ಲದ ಮ ಇನ್ವೇರಿಯಂಟ್‌ಗಳ ಗುಣಲಬ್ಧಗಳ ಮೊತ್ತ.

ಕೆಡುವ ಉದಾಹರಣೆ ಇಲ್ಲಿದೆ. ಮೂರು ಜೋಡಿ ಚರಾಕ್ಷರಗಳು: ಅ₁ ಬ₁, ಅ₂ ಬ₂, ಅ₃ ಬ₃. ಗ್ರೂಪಿನ ಗಾತ್ರ 2. ಮೂರು ಜೋಡಿಗಳೂ ಒಟ್ಟಿಗೆ ಅದಲು ಬದಲಾಗುತ್ತವೆ. ಸ₁ = ಅ₁+ಬ₁, ಹಾಗೆಯೇ ಸ₂, ಸ₃. ಪ₂₃ = ಅ₂·ಅ₃+ಬ₂·ಬ₃, ಹಾಗೆಯೇ ಪ₁₃, ಪ₁₂. ನಮ್ಮ ಗಮನದ ಇನ್ವೇರಿಯಂಟ್ ಹ = ಅ₁·ಅ₂·ಅ₃+ಬ₁·ಬ₂·ಬ₃. ಬಿಡಿಸಿ ನೋಡಿದರೆ

ಸ₁·ಪ₂₃ + ಸ₂·ಪ₁₃ + ಸ₃·ಪ₁₂ − ಸ₁·ಸ₂·ಸ₃ = 2·ಹ.

2ರಿಂದ ಭಾಗಿಸಬಹುದಾದರೆ ಹ ಕೆಳಗಿನ ಡಿಗ್ರಿಗಳಿಂದಲೇ ಬರುತ್ತದೆ. ಕ್ಯಾರೆಕ್ಟರಿಸ್ಟಿಕ್ 2 ಆದರೆ ಬಲಗಡೆ ಸೊನ್ನೆ. ಸಮೀಕರಣ ಹ-ದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೇರೆ ದಾರಿ ಇದ್ದೀತೇ? ಇಲ್ಲ. ಪ್ರತಿ ಜೋಡಿಯಿಂದ ಒಂದೊಂದು ಅಕ್ಷರ ತೆಗೆದು ಮಾಡಿದ ಏಕಪದೋಕ್ತಿಗಳು 8, ಅದಲು ಬದಲಿನಲ್ಲಿ ಅವು 4 ಜೋಡಿ ಮೊತ್ತಗಳಾಗುತ್ತವೆ. ಸ₁·ಪ₂₃ ರಂಥ ಗುಣಲಬ್ಧದಲ್ಲಿ ಅಂಥ ಮೊತ್ತಗಳು 2, ಸ₁·ಸ₂·ಸ₃ ದಲ್ಲಿ 4. ಎಲ್ಲ ಸಮಸಂಖ್ಯೆ. ಹ-ದಲ್ಲಿ ಒಂದೇ. ಕ್ಯಾರೆಕ್ಟರಿಸ್ಟಿಕ್ 2ರಲ್ಲಿ ಸಮಗಳನ್ನು ಎಷ್ಟು ಕೂಡಿದರೂ ಬೆಸ ಬರುವುದಿಲ್ಲ. ಗ್ರೂಪಿನ ಗಾತ್ರ 2, ಬೇಕಾದ ಜನಕದ ಡಿಗ್ರಿ 3. ನೋಥರ್ ಮಿತಿ ಇಲ್ಲಿ ಮುರಿಯಿತು. ಗಾತ್ರದಿಂದ ಭಾಗಿಸಬಹುದಾದ ಎಲ್ಲ ಫೀಲ್ಡ್‌ಗಳಲ್ಲೂ ಆ ಮಿತಿ ನಿಲ್ಲುತ್ತದೆ ಎಂದು ಫ್ಲೈಷ್‌ಮನ್ (2000), ಫೋಗಾರ್ಟಿ (2001) ಸಾಧಿಸಿದ್ದಾರೆ.

ಐಡಿಯಲ್ ಮಟ್ಟದಲ್ಲೂ ನೋಡಿ. ಕ್ಯಾರೆಕ್ಟರಿಸ್ಟಿಕ್ 2ರಲ್ಲಿ ಬ₁ = ಅ₁+ಸ₁ ಎಂದು ಬರೆದು ಹ-ದಲ್ಲಿ ಇಟ್ಟರೆ ಅ₁·ಅ₂·ಅ₃ ಎರಡು ಸಲ ಬಂದು ಹೋಗುತ್ತದೆ. ಉಳಿದ ಪ್ರತಿ ಪದದಲ್ಲೂ ಒಂದಾದರೂ ಸ ಇದೆ. ಅಂದರೆ ದೊಡ್ಡ ರಿಂಗ್‌ನಲ್ಲಿ ಹ, (ಸ₁, ಸ₂, ಸ₃) ಐಡಿಯಲ್‌ನ ಒಳಗಿದೆ. ಇನ್ವೇರಿಯಂಟ್ ರಿಂಗ್‌ನಲ್ಲಿ ಅದೇ ಐಡಿಯಲ್‌ನ ಹೊರಗಿದೆ. ಹಿಗ್ಗಿಸಿದ ಐಡಿಯಲ್ ಮೊದಲಿನ ಅಳತೆಗೆ ವಾಪಸು ಬರಲಿಲ್ಲ.

ಆದರೂ ‘ಎಲ್ಲ ಕೆಡುತ್ತದೆ’ ಎನ್ನುವುದು ಹೆಚ್ಚಾಯಿತು. ಮೂರು ಚರಾಕ್ಷರಗಳ ಕ್ರಮಯೋಜನೆಗಳಿಗೆ ಕ್ಯಾರೆಕ್ಟರಿಸ್ಟಿಕ್ 2ರಲ್ಲೂ 3ರಲ್ಲೂ ಇನ್ವೇರಿಯಂಟ್ ರಿಂಗ್ ಬಹುಪದೋಕ್ತಿ ರಿಂಗೇ. ಮೇಲಿನ 6, 24, 60 ಅಲ್ಲಿಯೂ ನಿಜ.

ಪ್ರಶ್ನೆ: 12 ಬಿಂದುಗಳ ಉದಾಹರಣೆಯನ್ನು ಕಂಪ್ಯೂಟರಿನಲ್ಲಿ ಮಾಡಿದೆ. ಬಿಂದುಗಳನ್ನು ಹುಡುಕಿದರೆ 4 ಮಾತ್ರ ಸಿಕ್ಕವು. ಮೇಲಾಗಿ ಐ² ಮತ್ತು ಐ⁽²⁾ ಗಳ ಡಿಗ್ರಿ ಎರಡೂ 36 ಎಂದು ಬಂತು. ಹಾಗಾದರೆ ಅವೆರಡೂ ಒಂದೇ ಅಲ್ಲವೇ? (ವಿದ್ಯಾರ್ಥಿ, ಹೊಳಲ್ಕೆರೆ)

ಮೊದಲನೆಯದಕ್ಕೆ ಕಾರಣ ನೀವು ಆರಿಸಿದ ಅವಿಭಾಜ್ಯ ಸಂಖ್ಯೆ; ಅದರಿಂದ ಭಾಗಿಸಿದಾಗ ಬರುವ ಶೇಷಗಳಲ್ಲೇ ತಂತ್ರಾಂಶ ಲೆಕ್ಕ ಮಾಡುತ್ತದೆ. ಬಹಳ ಜನ ಅಭ್ಯಾಸಬಲದಿಂದ 32003 ಅಥವಾ 101 ಹಾಕುತ್ತಾರೆ. ಎರಡನ್ನೂ 3ರಿಂದ ಭಾಗಿಸಿದರೆ ಶೇಷ 2. ಅಂಥ ಫೀಲ್ಡಿನಲ್ಲಿ 1ಕ್ಕೆ 1ನ್ನು ಬಿಟ್ಟು ಬೇರೆ ಘನಮೂಲ ಇಲ್ಲ. ಹೀಗಾಗಿ 9 ಬಿಂದುಗಳಲ್ಲಿ (1:1:1) ಒಂದೇ ಕಾಣುತ್ತದೆ, ನಿರ್ದೇಶಾಂಕ ಬಿಂದುಗಳು 3 ಸೇರಿ 4. ಬಿಂದುಗಳು ಬೇಕಿದ್ದರೆ 3ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯ ತೆಗೆದುಕೊಳ್ಳಿ. 31 ಚೆನ್ನಾಗಿದೆ: 5 ಮತ್ತು 25 ಅಲ್ಲಿ 1ರ ಘನಮೂಲಗಳು, ಏಕೆಂದರೆ 125 = 4×31+1. 103 ಕೂಡ ಆದೀತು. ಆದರೆ ನಮ್ಮ ಸಲಹೆ ಬಿಂದುಗಳನ್ನು ಹುಡುಕಲೇ ಬೇಡಿ ಎಂದು. ಪ₁, ಪ₂, ಪ₃ ಗಳಿಂದ ನೇರವಾಗಿ ಐಡಿಯಲ್ ಬರೆಯಿರಿ, ಆಗ 32003 ಕೂಡ ಸರಿಯಾದ ಉತ್ತರವನ್ನೇ ಕೊಡುತ್ತದೆ. 2ನ್ನು ಮಾತ್ರ ಮುಟ್ಟಬೇಡಿ. ಅಲ್ಲಿ 1 ಮತ್ತು −1 ಒಂದೇ ಆದ್ದರಿಂದ ತ=ದ=ನ=1 ಇಟ್ಟರೆ ಮೇಲಿನ ಸಮೀಕರಣ ಕೂಡಿಬಂದು ಫ ನಿಜವಾಗಿಯೇ ಐ² ದೊಳಗೆ ಸೇರುತ್ತದೆ. 3 ಕೂಡ ಬೇಡ. ಅಲ್ಲಿ ಅ³−ಬ³ ಎಂದರೆ (ಅ−ಬ)³, ಒಂಬತ್ತು ಗೆರೆಗಳು ಮೂರಕ್ಕೆ ಕುಸಿಯುತ್ತವೆ.

ಎರಡನೆಯದು ಹೆಚ್ಚು ಮುಖ್ಯ. ಐಡಿಯಲ್‌ನ ಡಿಗ್ರಿ (ಬಹುಪದೋಕ್ತಿಯ ಡಿಗ್ರಿಯಲ್ಲ) ಎಣಿಸುವುದು ಪ್ರತಿ ಬಿಂದುವಿನ ಬಳಿ ಏನಿದೆ ಎಂಬುದನ್ನು ಮಾತ್ರ. ಪ್ರತಿ ಬಿಂದುವಿನ ಬಳಿ ಐ² ಮತ್ತು ಐ⁽²⁾ ಒಂದೇ, ಬಿಂದುವಿಗೆ 3 ರಂತೆ 12×3 = 36. ಘನದಲ್ಲೂ ಹಾಗೆಯೇ, ಬಿಂದುವಿಗೆ 6 ರಂತೆ 72. ವ್ಯತ್ಯಾಸ ಅಡಗಿರುವುದು ಮೂಲಬಿಂದುವಿನಲ್ಲಿ, ಅಂದರೆ (ಅ, ಬ, ಕ) ಐಡಿಯಲ್‌ಗೆ ಅಂಟಿಕೊಂಡ ಭಾಗದಲ್ಲಿ. ಅದನ್ನು ಡಿಗ್ರಿ ಕಾಣುವುದೇ ಇಲ್ಲ.

ಹಾಗಾಗಿ ಹೀಗೆ ಮಾಡಿ. ಮೆಕಾಲೆ2 ಅಥವಾ ಸಿಂಗುಲರ್, ಎರಡೂ ಉಚಿತ ತಂತ್ರಾಂಶಗಳು. ಐ³ ತೆಗೆದು, (ಅ, ಬ, ಕ) ದಿಂದ ಸ್ಯಾಚುರೇಟ್ ಮಾಡಿದರೆ, ಅಂದರೆ ಮೂಲಬಿಂದುವಿಗೆ ಅಂಟಿಕೊಂಡ ಆ ಭಾಗವನ್ನು ತೆಗೆದುಹಾಕಿದರೆ, ಐ⁽³⁾ ಸಿಗುತ್ತದೆ. ಪ್ರೈಮರಿ ಡಿಕಾಂಪೊಸಿಷನ್ ಆಜ್ಞೆಗೆ ಹೋಗಬೇಡಿ. ಈ ಕೆಲಸಕ್ಕೆ ಅದು ವೃಥಾ ಭಾರ, ಬಿಂದುಗಳು ಹೆಚ್ಚಾದಂತೆ ನಿಧಾನವಾಗುತ್ತದೆ. ಆಮೇಲೆ ಐ² ದ ಗ್ರೋಬ್ನರ್ ಬೇಸಿಸ್‌ನಿಂದ ಫ-ವನ್ನು ಭಾಗಿಸಿ ಶೇಷ ನೋಡಿ. ಶೇಷ ಸೊನ್ನೆಯಲ್ಲದಿದ್ದರೆ ಫ ಹೊರಗಿದೆ. ಡಿಗ್ರಿ ಹೋಲಿಸಿ ತೀರ್ಮಾನಿಸಬೇಡಿ.

ಪ್ರಶ್ನೆ: ಎರಡು ಬಗೆಯ ಘಾತಗಳೂ ಸಂಪೂರ್ಣ ಕೂಡಿಬರುವ ಸುಂದರ ಉದಾಹರಣೆ ಗ್ರೂಪುಗಳಿಂದ ಬರುತ್ತದೆಯೇ? (ಉಪನ್ಯಾಸಕಿ, ಹಿರಿಯೂರು)

ಬರುತ್ತದೆ, ಮತ್ತು ಅದು ಈ ಕ್ಷೇತ್ರದ ಅತ್ಯಂತ ಸುಂದರ ಪ್ರಮೇಯಗಳಲ್ಲೊಂದು. ಸಮತಲದಲ್ಲಿ ನ ಬಿಂದುಗಳು, ಪ್ರತಿಯೊಂದಕ್ಕೂ ಎರಡು ಚರಾಕ್ಷರ: (ಅ₁, ಬ₁), (ಅ₂, ಬ₂) ಹೀಗೆ. ಕ್ರಮಯೋಜನೆ ಬಿಂದುಗಳನ್ನು ಅದಲು ಬದಲು ಮಾಡುತ್ತದೆ, ಅ ಮತ್ತು ಬ ಜೊತೆಯಾಗಿಯೇ ಹೋಗುತ್ತವೆ. ಎರಡು ಬಿಂದುಗಳನ್ನು ಅದಲು ಬದಲು ಮಾಡಿದಾಗ ಚಿಹ್ನೆ ಬದಲಾಗುವ ಬಹುಪದೋಕ್ತಿಗಳನ್ನೆಲ್ಲ ತೆಗೆದುಕೊಂಡು ಅವು ಹುಟ್ಟಿಸುವ ಐಡಿಯಲ್ಲನ್ನು ನೋಡಿ. ಯಾವ ಎರಡು ಬಿಂದುಗಳು ಒಂದಾದರೂ ಇವು ಸೊನ್ನೆಯಾಗುತ್ತವೆ. ಮಾರ್ಕ್ ಹೈಮನ್ 2001ರಲ್ಲಿ ಸಾಧಿಸಿದ್ದು: ಈ ಐಡಿಯಲ್‌ನ ಮ-ನೇ ಘಾತ, ಎಲ್ಲ ಜೋಡಿಗಳಿಗೂ (ಅ₁−ಅ₂, ಬ₁−ಬ₂) ಥರದ ಐಡಿಯಲ್‌ಗಳ ಮ-ನೇ ಘಾತಗಳ ಛೇದನಕ್ಕೆ ಸಮ. ಎಲ್ಲ ನ-ಗೂ, ಎಲ್ಲ ಮ-ಗೂ.

ಪ್ರತಿ ಬಿಂದುವಿಗೆ ಒಂದೇ ಚರಾಕ್ಷರವಿದ್ದರೆ ವಿಷಯ ಸುಲಭ. ಆಗ ಐಡಿಯಲ್‌ಗೆ ವ್ಯಾಂಡರ್‌ಮಾಂಡ್ ನಿರ್ಧಾರಕವೊಂದೇ ಜನಕ, ಪೂರ್ಣಾಂಕಗಳ ಲೆಕ್ಕದ ಹಾಗೆಯೇ ನಡೆಯುತ್ತದೆ. ಎರಡಾದ ಕೂಡಲೇ ಜನಕಗಳು ಹೆಚ್ಚುತ್ತವೆ. ಮೂರು ಬಿಂದುಗಳಿಗೆ ಐದು ಬೇಕು, ಐದೂ 3×3 ನಿರ್ಧಾರಕಗಳು. ಅವುಗಳ ಸಾಲುಗಳು (1, ಅ, ಬ), (1, ಅ, ಅ²), (1, ಬ, ಬ²), (1, ಅ, ಅ·ಬ), (1, ಬ, ಅ·ಬ) ರೂಪದವು, ಪ್ರತಿ ಬಿಂದುವಿಗೂ ಒಂದು ಸಾಲು. ಡಿಗ್ರಿ 2, 3, 3, 3, 3. ಬಿಂದುಗಳು ಹೆಚ್ಚಿದಂತೆ ಜನಕಗಳ ಸಂಖ್ಯೆ 1, 2, 5, 14, 42 ಎಂದು ಏರುತ್ತದೆ: ಕ್ಯಾಟಲನ್ ಸಂಖ್ಯೆಗಳು.

ಮೂರು ಅಕ್ಷಗಳ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಮೂರು ಆಯಾಮದಲ್ಲಿ ಮೂಲಬಿಂದುವಿನಲ್ಲಿ ಮಾತ್ರ ಕೂಡುವ ಮೂರು ಗೆರೆಗಳು. ಇಲ್ಲಿ ಮೂರು ಬಿಂದುಗಳನ್ನು ಒಟ್ಟಿಗೆ ಸರಿಸುವ ಎರಡು ದಿಕ್ಕುಗಳನ್ನು ಬಿಟ್ಟರೆ, ನಾಲ್ಕು ಆಯಾಮದಲ್ಲಿ ಮೂಲಬಿಂದುವಿನಲ್ಲಿ ಮಾತ್ರ ಕೂಡುವ ಮೂರು ಸಮತಲಗಳು. ನೋಟಕ್ಕೆ ಎರಡೂ ಒಂದೇ ಥರ, ಎರಡನ್ನೂ ಅದಲು ಬದಲು ಮಾಡುವುದು ಒಂದೇ ಗ್ರೂಪು. ಅಲ್ಲಿ ಅ·ಬ·ಕ ನುಸುಳಿ ವರ್ಗದಲ್ಲೇ ಸಮತೆ ತಪ್ಪಿತು, ಇಲ್ಲಿ ಯಾವ ಘಾತದಲ್ಲೂ ಏನೂ ನುಸುಳುವುದಿಲ್ಲ. ಹೈಮನ್ ಅವರ ಸಾಧನೆ ಬಿಂದುಗಳ ಹಿಲ್ಬರ್ಟ್ ಸ್ಕೀಮ್ ಮೂಲಕ ಹೋಗುತ್ತದೆ, ಎಂ.ಎಸ್ಸಿ. ಪಠ್ಯದಿಂದ ದೂರ. ಎರಡು ಬಿಂದುಗಳಿಗಾದರೆ (ಅ₁−ಅ₂, ಬ₁−ಬ₂) ಒಂದೇ ಐಡಿಯಲ್, ಛೇದನದ ಪ್ರಶ್ನೆಯೇ ಏಳುವುದಿಲ್ಲ. ಮೂರು ಬಿಂದುಗಳಿಗೆ ಮ = 2, 3 ಇಟ್ಟು ತಂತ್ರಾಂಶದಲ್ಲಿ ಪರೀಕ್ಷಿಸುವುದು ಒಳ್ಳೆಯ ತರಗತಿ ಚಟುವಟಿಕೆ.

ಪ್ರಶ್ನೆ: 12 ಬಿಂದುಗಳ ಉದಾಹರಣೆಯಲ್ಲಿ ಘನದ ಬದಲು ನಾಲ್ಕನೆಯ, ಐದನೆಯ ಘಾತ ಹಾಕಿದರೆ? ಕಿರು ಪ್ರಬಂಧಕ್ಕೆ ತೆಗೆದುಕೊಳ್ಳಬಹುದೇ? (ಎಂ.ಎಸ್ಸಿ. ವಿದ್ಯಾರ್ಥಿ, ಜಗಳೂರು)

ತೆಗೆದುಕೊಳ್ಳಿ. 3ರ ಜಾಗದಲ್ಲಿ ಸ ಹಾಕಿ. ಗ್ರೂಪಿನ ಗಾತ್ರ 6·ಸ², ಗೆರೆಗಳು 3·ಸ, ಬಿಂದುಗಳು ಸ²+3. ಸ 3 ಅಥವಾ ಹೆಚ್ಚಿದ್ದರೆ ಮೇಲಿನ ಸಾಧನೆ ಬಹುತೇಕ ಅಕ್ಷರಶಃ ನಡೆಯುತ್ತದೆ. ಫ-ದ ಡಿಗ್ರಿ 3·ಸ, ಐ² ದ ಜನಕಗಳದ್ದು 2·ಸ+2, ಆದ್ದರಿಂದ ಗುಣಿಸುವ ಬಹುಪದೋಕ್ತಿಗಳ ಡಿಗ್ರಿ ಸ−2. ಪ₁·ಪ₂ ವನ್ನು ಸರಿದೂಗಿಸಲು ಅ, ಬ ಎರಡಕ್ಕೂ ಸ−1 ಘಾತಾಂಕ ಬೇಕು, ಒಟ್ಟು 2·ಸ−2. ಅಷ್ಟು ಡಿಗ್ರಿ ಕೈಯಲ್ಲಿಲ್ಲ. ಪ₁² ಕ್ಕೆ ಅ-ದ ಸ−2ನೇ ಘಾತ ಸರಿಯಾಗಿ ಸಾಕಾಗುತ್ತದೆ. ಆಮೇಲೆ ಯ, ರ, ಲ ಗಳ ಸಮೀಕರಣ ಅದೇ, ವಿರೋಧವೂ ಅದೇ. ಪ್ರಬಂಧದಲ್ಲಿ ಸ = 2 ಏಕೆ ಹೊರಗುಳಿಯುತ್ತದೆ ಎಂಬುದನ್ನು ಬರೆಯಲು ಮರೆಯಬೇಡಿ. ಸಮೀಕರಣದ ವಿರೋಧ ಅಲ್ಲಿಯೂ ಬರುತ್ತದೆ, ಫ ಅಲ್ಲಿಯೂ ಐ² ದ ಹೊರಗೇ ಇದೆ. ಆದರೆ (1:0:0) ರಂಥ ಮೂರು ಬಿಂದುಗಳಲ್ಲಿ ಹಾಯುವ ಗೆರೆಗಳು ಎರಡೇ, ಆದ್ದರಿಂದ ಫ ಮೊದಲಿಗೇ ಐ⁽³⁾ ದಲ್ಲಿ ಇರುವುದಿಲ್ಲ.